ಅಮ್ಮನವರು ಹಿಂತಿರುಗಿಸಿದ ಡಬ್ಬಿ

ಅಮ್ಮನವರು ತೀರಿಕೊಂಡ ಸುದ್ದಿ ನಮಗೆ ನಾಲ್ಕು ತಿಂಗಳು ತಡವಾಗಿ ತಿಳಿಯಿತು. ತಡವಾದದ್ದಕ್ಕೆ ಕಾರಣವೂ ಅವರೇ. ಗದಗಿನ ಹತ್ತಿರದ ಒಂದು ಊರಿನಲ್ಲಿ, ತಂಗಿಯ ಮನೆಯಲ್ಲಿ, ಮೂರೇ ದಿನ ಮಲಗಿದ್ದು ಹೋದರಂತೆ. ಹೋಗುವ ಮುಂಚೆ ಗಂಡನನ್ನು ಹತ್ತಿರ ಕರೆದು, "ಫ್ರೀಮಾಂಟಿನವರಿಗೆ ಈಗ ಹೇಳಬ್ಯಾಡ್ರಿ. ಇನ್ನೂ ವರ್ಷ ತುಂಬಿಲ್ಲ" ಎಂದಿದ್ದರಂತೆ. ಗಂಡ, ಅಂದರೆ ನಮ್ಮ ಪಾದ್ರಿ ಅಯ್ಯನವರು, ಹೇಳಲಿಲ್ಲ. ಹೇಗೋ ಸುದ್ದಿ ಸಿಕ್ಕಿದ್ದ ನಮ್ಮ ಸಭೆಯ ಒಂದಿಬ್ಬರು ಹಿರಿಯರೂ ಅವರ ಮಾತಿಗೆ ಕಟ್ಟುಬಿದ್ದು ಬಾಯಿ ಬಿಡಲಿಲ್ಲ. ಗೊತ್ತಾದ ದಿನ ನನಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಸಾಯುವಾಗಲೂ ನಿಯಮ ನೋಡುವವರು ಯಾರಾದರೂ ಇರುತ್ತಾರೆಯೇ?

ನಿಯಮ ಏನೆಂದು ಹೇಳಬೇಕು. ನಮ್ಮದು ಕನ್ನಡ ಕ್ರೈಸ್ತರ ಸಣ್ಣ ಸಭೆ, ಮೂವತ್ತು ಮೂವತ್ತೈದು ಮನೆ. ಫ್ರೀಮಾಂಟಿನಲ್ಲಿ ಒಂದು ಅಮೆರಿಕನ್ ಚರ್ಚಿನವರ ಆರಾಧನೆ ಮುಗಿದು, ಅವರು ಕಾಫಿ ಕುಡಿದು ಹೋದ ಮೇಲೆ, ಭಾನುವಾರ ಮಧ್ಯಾಹ್ನ ಆ ಕಟ್ಟಡ ನಮ್ಮದಾಗುತ್ತದೆ. ಊರಿನ ಮಾತೃಸಭೆ ಎರಡೆರಡು ವರ್ಷಕ್ಕೆ ಒಬ್ಬ ಪಾದ್ರಿಯನ್ನೂ ಅವರ ಹೆಂಡತಿಯನ್ನೂ ಜೋಡಿಯಾಗಿ ಸೇವೆಗೆ ಕಳುಹಿಸುತ್ತದೆ. ಒಂದು ಕಾಲದಲ್ಲಿ ಬಿಳಿಯ ದೊರೆಗಳು ಹಡಗು ಹತ್ತಿ ನಮ್ಮ ಊರುಗಳಿಗೆ ಮಿಷನ್ ಕೆಲಸಕ್ಕೆ ಬಂದರು. ಈಗ ಗದಗಿನ ಗಂಡ ಹೆಂಡತಿ ವಿಮಾನ ಹತ್ತಿ ಕ್ಯಾಲಿಫೋರ್ನಿಯಾಕ್ಕೆ ಬರುತ್ತಾರೆ. ಅವಧಿ ಮುಗಿಸಿ ಹೋದ ಜೋಡಿ ಒಂದು ವರ್ಷ ಸಭೆಯ ಯಾರಿಗೂ ಫೋನು ಮಾಡುವಂತಿಲ್ಲ, ಮೆಸೇಜು ಕಳಿಸುವಂತಿಲ್ಲ. ನಾವೂ ಮಾಡುವಂತಿಲ್ಲ. ಮುಂದೆ ಬರುವ ಜೋಡಿ ಬೇರು ಬಿಡಲಿ ಎಂದು ಈ ಕಟ್ಟಳೆ.

ಬೇರೆ ಜೋಡಿಗಳು ಕ್ರಿಸ್‌ಮಸ್ಸಿಗೆ ಕದ್ದುಮುಚ್ಚಿ ಒಂದು ಶುಭಾಶಯವನ್ನಾದರೂ ಕಳಿಸಿದ್ದುಂಟು. ಅಮ್ಮನವರು ಅಂಥವರಲ್ಲ. ನಾನೊಮ್ಮೆ, "ಇದೇನಮ್ಮ ಇಷ್ಟು ಕ್ರೂರವಾದ ರೂಲು" ಎಂದಾಗ ಅವರು ತಮ್ಮ ಹಾಸ್ಟೆಲಿನ ಕಥೆ ಹೇಳಿದರು. ಮಿಷನ್ನಿನ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅವರು ಮೂವತ್ತು ವರ್ಷ ಮೇಟ್ರನ್ ಆಗಿದ್ದವರು.

"ಹೊಸಾ ಹುಡಿಗ್ಯಾರ್ನ ಮೊದಲನೇ ತಿಂಗಳು ನೋಡಾಕ ಅವ್ವಗಳ್ನ ಬಿಡತಿರಲಿಲ್ಲ ನಾನು. ಗೇಟಿನ ಹೊರಗ ನಿಂತು ಬೈದು ಹೋಗೋರು. ಬೈಸಿಕೊಂಡೆ. ಆದ್ರ ಆ ಹುಡಿಗ್ಯಾರು ಉಂಡ್ರು, ಮಲಗಿದ್ರು, ಓದಿದ್ರು."

"ನಾವೇನು ಹಾಸ್ಟೆಲ್ ಹುಡುಗೀರಾ?"

"ಅಲ್ಲೇನು ಮತ್ತ?" ಎಂದು ನನ್ನ ಕೆನ್ನೆ ತಟ್ಟಿದ್ದರು. ನನಗಾಗ ಐವತ್ತೆರಡು ವರ್ಷ.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಎರಡು ವರ್ಷದಲ್ಲಿ ಅವರನ್ನು ಹೆಸರು ಹಿಡಿದು ಕರೆದವರೂ ಇಲ್ಲ. ಪಾದ್ರಿಗಳು ಅಯ್ಯನವರು, ಇವರು ಅಮ್ಮನವರು. ಕುಳ್ಳಗೆ, ಅಗಲಕ್ಕೆ, ಬಿಳಿ ಸೀರೆಯ ಮೇಲೊಂದು ಗಂಡಸರ ಸ್ವೆಟರು ಹಾಕಿಕೊಂಡು ಇರುತ್ತಿದ್ದರು. ಸ್ವೆಟರಿನ ಜೇಬಿನಲ್ಲಿ ಸದಾ ಒಂದು ಸಣ್ಣ ಕತ್ತರಿ, ಒಂದು ಉಂಡೆ ದಾರ, ಬಿಳಿ ಟೇಪಿನ ಸುರುಳಿ, ಒಂದು ಪೆನ್ನು. ಮೊದಲ ಸಲ ನೋಡಿದಾಗ ನಾನು ಅಷ್ಟೇನೂ ಗೌರವದಿಂದ ನೋಡಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ಈ ಅಜ್ಜಿ ಇಲ್ಲಿ ಏನು ಸೇವೆ ಮಾಡಿಯಾರು ಎಂದುಕೊಂಡಿದ್ದೆ.

ಅಯ್ಯನವರು ಸಾಧು. ಅವರ ಪ್ರಸಂಗ ಕೇಳುತ್ತಾ ನಿದ್ದೆ ಬಂದರೆ ಅದು ನಮ್ಮ ತಪ್ಪೆಂದು ಅವರು ತಿಳಿಯುತ್ತಿರಲಿಲ್ಲ, ಏಕೆಂದರೆ ಅವರಿಗೂ ಬರುತ್ತಿತ್ತು. ಕಾರು ಮಾತ್ರ ಅವರೇ ಓಡಿಸಬೇಕು, ಅಮ್ಮನವರಿಗೆ ಬರದು. ಅಯ್ಯನವರು ಒಂದೇ ಒಂದು ಸಲ ಫ್ರೀವೇ ಹತ್ತಿದರು. ಬಂದ ಮೊದಲನೇ ವಾರ. ಹಿಂದಿನಿಂದ ಒಂದು ದೊಡ್ಡ ಟ್ರಕ್ಕು ಹಾರ್ನು ಹೊಡೆದದ್ದೇ, ಮುಂದಿನ ಎಕ್ಸಿಟ್ಟಿನಲ್ಲಿ ಇಳಿದು, ಒಂದು ಗ್ಯಾಸ್ ಸ್ಟೇಶನ್ನಿನಲ್ಲಿ ನಿಲ್ಲಿಸಿ, ಇಬ್ಬರೂ ಕಾರಿನೊಳಗೇ ಪ್ರಾರ್ಥನೆ ಮಾಡಿದರಂತೆ. ಅಂದಿನಿಂದ ಎರಡು ವರ್ಷ ಒಳರಸ್ತೆಗಳಲ್ಲೇ ಅವರ ಸೇವೆ ನಡೆಯಿತು. ಸಾಂಟಾ ಕ್ಲಾರಾಕ್ಕೆ ನಾವೆಲ್ಲ ಅರ್ಧ ಗಂಟೆಯಲ್ಲಿ ಹೋದರೆ ಅವರು ನೂರು ಸಿಗ್ನಲ್ ದಾಟಿ ಒಂದೂವರೆ ಗಂಟೆಯಲ್ಲಿ ಮುಟ್ಟುತ್ತಿದ್ದರು. ಎಲ್ ಕಮೀನೋ ರಿಯಾಲ್ ರಸ್ತೆಯ ಮೇಲಿರುವ ಒಂದೊಂದು ಇಂಡಿಯನ್ ಅಂಗಡಿಯ ಬೋರ್ಡೂ ಅಮ್ಮನವರಿಗೆ ಬಾಯಿಪಾಠವಾಗಿತ್ತು.

ಸೇವೆಯೆಂದರೆ ಮನೆ ಭೇಟಿ. ಜೋಡಿಯಾಗಿಯೇ ಹೋಗಬೇಕು, ಒಬ್ಬರೇ ಹೋಗುವಂತಿಲ್ಲ. ಅದೂ ಒಂದು ಕಟ್ಟಳೆ. ಅಯ್ಯನವರು ಹಾಲ್‌ನಲ್ಲಿ ಕೂತು ಬೈಬಲ್ ತೆರೆದು, ಮನೆಯ ಗಂಡಸಿನ ಆಫೀಸು, ಲೇಆಫು, ಬೆನ್ನುನೋವು ವಿಚಾರಿಸುತ್ತಿದ್ದರು. ಅಮ್ಮನವರು ನಮಸ್ಕಾರ ಹೇಳಿ ನೇರ ಅಡಿಗೆಮನೆಗೆ. ಅಲ್ಲಿ ಸಿಂಕಿನಲ್ಲಿ ಏನಿದೆಯೋ ಅದನ್ನು ತೊಳೆಯಲು ಶುರು. ನಮ್ಮ ಮನೆಗೆ ಮೊದಲ ಸಲ ಬಂದಾಗ ನನಗೆ ಮುಜುಗರವಾಗಿ ಅವರ ಹಿಂದೆಯೇ ಓಡಿದೆ.

"ಅಯ್ಯೋ ಬಿಡೀಮ್ಮ, ಡಿಶ್‌ವಾಷರ್ ಇದೆ."

"ಇರ್ಲಿ ಬಿಡವಾ. ಅದಕ್ಕ ಕಿವಿ ಇಲ್ಲಲ್ಲ" ಎಂದರು, ತಿರುಗಿ ನೋಡದೆ.

ಆ ಮಾತಿನ ಅರ್ಥ ನನಗೆ ಮೂರನೆಯ ಭೇಟಿಯಲ್ಲಿ ಹೊಳೆಯಿತು. ಎದುರು ಕೂತು, ಕಣ್ಣಲ್ಲಿ ಕಣ್ಣಿಟ್ಟು, "ಏನಾದ್ರೂ ಪ್ರಾರ್ಥನೆ ವಿಷಯ ಇದೆಯಾ" ಎಂದು ಕೇಳುವವರಿಗೆ ನಾವು ಎಲ್ಲ ಚೆನ್ನಾಗಿದೆ ಎಂದೇ ಹೇಳುತ್ತೇವೆ. ಬೆನ್ನು ತಿರುಗಿಸಿ ಪಾತ್ರೆ ತೊಳೆಯುವವರಿಗೆ ಹಾಗೆ ಹೇಳಲು ಆಗುವುದಿಲ್ಲ. ನಲ್ಲಿಯ ಸದ್ದಿನಲ್ಲಿ ಬಾಯಿ ತಾನಾಗಿ ಬಿಚ್ಚಿಕೊಳ್ಳುತ್ತದೆ. ಅಮ್ಮನವರು ನಡುವೆ ಮಾತಾಡುತ್ತಿರಲಿಲ್ಲ, ಬುದ್ಧಿ ಹೇಳುತ್ತಿರಲಿಲ್ಲ. ದುಃಖದ ಮಾತು ಬಂದಾಗ ನೀರು ಸಣ್ಣ ಮಾಡುತ್ತಿದ್ದರು, ಅಷ್ಟೇ. ಒಂದು ಮನೆಯಲ್ಲಿ ಕೇಳಿದ್ದು ಇನ್ನೊಂದು ಮನೆಯಲ್ಲಿ ಅವರ ಬಾಯಿಂದ ಎಂದೂ ಹೊರಡಲಿಲ್ಲ. ನಮ್ಮ ಸಭೆಯಲ್ಲಿ ಇದು ಪವಾಡಕ್ಕಿಂತ ಕಡಿಮೆಯಲ್ಲ.

ಆ ಗುಣ ನನ್ನಲ್ಲಿ ಇಲ್ಲ ಎಂಬುದೇ ನನ್ನ ಕಥೆ. ವಿಮಲಾ ವಿಷಯ ಹೇಳದೆ ಅಮ್ಮನವರ ಬಗ್ಗೆ ಬರೆಯಲು ನನಗೆ ದಾರಿಯಿಲ್ಲ.

ವಿಮಲಾ ಹಾಸನದವಳು, ನಾನು ಮೈಸೂರಿನವಳು. ಇಬ್ಬರೂ ಒಂದೇ ವರ್ಷ ಇಲ್ಲಿಗೆ ಬಂದು, ಒಂದೇ ಅಪಾರ್ಟ್‌ಮೆಂಟಿನಲ್ಲಿ ಮೇಲೆ ಕೆಳಗೆ ಇದ್ದೆವು. ಈ ಸಭೆ ಹುಟ್ಟಿದ್ದು ನನ್ನ ಗರಾಜಿನಲ್ಲಿ, ಅವಳು ತಂದ ಮಡಿಚುವ ಕುರ್ಚಿಗಳ ಮೇಲೆ. ನನ್ನ ಮಗಳೂ ಅವಳ ಮಗಳೂ ಒಂದೇ ಡೇಕೇರಿಗೆ ಹೋದವರು. ಪ್ರತಿ ಡಿಸೆಂಬರಿನಲ್ಲಿ ಒಂದು ಶನಿವಾರ ನಾವಿಬ್ಬರೂ ಕೂತು ಕಲ್‌ಕಲ್ ಮಾಡುತ್ತಿದ್ದೆವು. ಮೈದಾ ಹಿಟ್ಟಿನ ಗೋಲಿಯನ್ನು ಹೊಸ ಬಾಚಣಿಗೆಯ ಮೇಲೆ ಒತ್ತಿ, ಶಂಖದ ಹಾಗೆ ಸುರುಳಿ ಸುತ್ತಿ, ಕರಿದು ಸಕ್ಕರೆ ಪಾಕ ಹಿಡಿಸುವ ನಮ್ಮ ಕ್ರಿಸ್‌ಮಸ್ ತಿಂಡಿ ಅದು. ಒಬ್ಬರು ಸುತ್ತಬೇಕು, ಒಬ್ಬರು ಕರಿಯಬೇಕು. ಆಮೇಲೆ ಅವಳು ಪ್ಲೆಸೆಂಟನ್ನಿನಲ್ಲಿ ಮನೆ ತಗೊಂಡರೂ ಈ ಶನಿವಾರ ತಪ್ಪಿರಲಿಲ್ಲ.

ಅಮ್ಮನವರು ಬರುವುದಕ್ಕೆ ಒಂದು ವರ್ಷ ಮುಂಚೆ ಸಭೆಯಲ್ಲಿ ಒಂದು ಮೀಟಿಂಗು ನಡೆಯಿತು. ಆರಾಧನೆಯ ಅರ್ಧ ಭಾಗ ಇಂಗ್ಲಿಷಿನಲ್ಲಿ ಇರಬೇಕೆಂದು ವಿಮಲಾ ಕೇಳಿದಳು. "ನಮ್ಮ ಮಕ್ಕಳಿಗೆ ಒಂದು ಲೈನೂ ಅರ್ಥ ಆಗ್ತಿಲ್ಲ. ಅದಕ್ಕೇ ಬರೋದು ಬಿಟ್ಟಿದಾರೆ. ನನ್ನ ಮಗಳನ್ನೇ ನೋಡಿ." ನಾನು ಕನ್ನಡದ ಪರ. ವಾದ ಬಿಸಿಯಾಯಿತು. ಎಲ್ಲರ ಎದುರಿಗೆ ನಾನೆಂದೆ, "ನಿನ್ನ ಮಗಳು ಬರದೇ ಇರೋದಕ್ಕೆ ಕನ್ನಡ ಕಾರಣ ಅಲ್ಲ ವಿಮಲಾ. ಅಪ್ಪನ ಜೊತೆ ಜಗಳ ಆಡಿ ಮನೆ ಬಿಟ್ಟು ಹೋಗಿದಾಳೆ. ಅದನ್ನ ಯಾಕೆ ಸಭೆ ಮೇಲೆ ಹಾಕ್ತೀಯ?"

ಅದು ಅವಳು ನನಗೊಬ್ಬಳಿಗೇ, ನನ್ನ ಅಡಿಗೆಮನೆಯಲ್ಲಿ, ಅಳುತ್ತಾ ಹೇಳಿದ್ದ ಮಾತು. ಅವಳ ಗಂಡ ನನ್ನನ್ನು ನೋಡಿದ, ಆಮೇಲೆ ಅವಳನ್ನು ನೋಡಿದ. ವಿಮಲಾ ಬ್ಯಾಗು ತಗೊಂಡು ಎದ್ದುಹೋದಳು. ಮತ್ತೆ ಸಭೆಗೆ ಬರಲಿಲ್ಲ. ನಾನು ಫೋನು ಮಾಡಲಿಲ್ಲ. ಮೊದಲ ವಾರ ನಾಚಿಕೆಯಿಂದ ಮಾಡಲಿಲ್ಲ, ಆಮೇಲೆ ತಡವಾಯಿತೆಂದು ಮಾಡಲಿಲ್ಲ, ಇನ್ನೂ ಆಮೇಲೆ ಅವಳೂ ಮಾಡಬಹುದಿತ್ತಲ್ಲ ಎಂಬ ಹಟದಿಂದ ಮಾಡಲಿಲ್ಲ. ಮೂರು ಡಿಸೆಂಬರು ಹೀಗೇ ಹೋದವು. ಸಭೆಯಲ್ಲಿ ಕನ್ನಡ ಉಳಿಯಿತು, ನಾನು ಗೆದ್ದೆ.

ಇದನ್ನೆಲ್ಲ ಒಂದು ದಿನ ನಾನು ಅಮ್ಮನವರ ಬೆನ್ನಿಗೆ ಹೇಳಿದೆ. ಅವರು ಕುಕ್ಕರಿನ ತಳ ಉಜ್ಜುತ್ತಿದ್ದರು. ನೀರು ಸಣ್ಣ ಮಾಡಿದರು. ನಾನು ಹೇಳಿ ಮುಗಿಸಿ ಕಣ್ಣೊರೆಸಿಕೊಂಡ ಮೇಲೆ ಕೇಳಿದ್ದು ಒಂದೇ: "ಎಷ್ಟು ದೂರ ಐತವಾ ಆಕಿ ಮನಿ?"

"ಹದಿನೇಳು ಹದಿನೆಂಟು ಮೈಲಿ. ಫ್ರೀವೇಲಿ ಇಪ್ಪತ್ತೈದು ನಿಮಿಷ."

"ಫ್ರೀವೇ ಇಲ್ಲದ ದಾರಿ ಇಲ್ಲೇನು?"

"ಇದೆ. ನೈಲ್ಸ್ ಕ್ಯಾನ್ಯನ್ ಒಳಗಡೆಯಿಂದ ಹೋಗ್ಬಹುದು, ಸಿಂಗಲ್ ರೋಡು, ಬರೀ ತಿರುವು."

"ಹ್ಞೂಂ" ಎಂದು ಕುಕ್ಕರು ಬೋರಲು ಹಾಕಿದರು. ನಾನು ಅತ್ತದ್ದು ನೋಡಿ ಪಾಪ ಮಾತು ಬದಲಾಯಿಸಿದರು ಎಂದುಕೊಂಡೆ.

ಇನ್ನು ಡಬ್ಬಿಗಳ ವಿಷಯ. ಮೂವತ್ತು ಮನೆಯವರೂ ಅವರಿಗೆ ಏನಾದರೂ ಕಳಿಸುತ್ತಿದ್ದೆವು. ಸಾರು, ಪಲಾವು, ಕೇಕು. ಇಲ್ಲಿ ನಾವೆಲ್ಲ ಮೊಸರಿನ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೊಡುತ್ತೇವೆ, ತಗೊಂಡವರು ಬಿಸಾಡಲಿ ಎಂದು. ಅಮ್ಮನವರು ಆ ಮೊಸರಿನ ಡಬ್ಬಿಯನ್ನೂ ಬಿಸಾಡುತ್ತಿರಲಿಲ್ಲ. ತೊಳೆದು, ಒರೆಸಿ, ತಳಕ್ಕೆ ಬಿಳಿ ಟೇಪು ಅಂಟಿಸಿ, ಮನೆಯ ಹೆಸರು ಬರೆದು, ಒಳಗೆ ಏನಾದರೂ ಹಾಕಿ ವಾಪಸು ಕೊಡುತ್ತಿದ್ದರು. ನಾಲ್ಕು ನಿಂಬೆಹಣ್ಣಾದರೂ ಸರಿ, ಖಾಲಿ ಡಬ್ಬಿ ಅವರ ಕೈಯಿಂದ ಯಾರ ಮನೆಗೂ ಹೋಗಲಿಲ್ಲ. ನಮ್ಮ ಅಮ್ಮಂದಿರೂ ಹೀಗೇ ಇದ್ದವರು, ನಾವು ಮರೆತಿದ್ದೆವು. ಒಂದು ಸಲ ಅವರ ಅಪಾರ್ಟ್‌ಮೆಂಟಿಗೆ ಹೋದಾಗ ನೋಡಿದೆ: ಕಿಟಕಿಯ ಕಟ್ಟೆಯ ಮೇಲೆ ಇಪ್ಪತ್ತು ಡಬ್ಬಿಗಳು ಸಾಲಾಗಿ, ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ನಿಂತಿದ್ದವು.

"ಯಾರದ್ದು ಯಾರದ್ದು ಅಂತ ಹೇಗೆ ನೆನಪಿರುತ್ತಮ್ಮ, ಟೇಪ್ ಬಿದ್ದುಹೋದ್ರೆ?"

"ಟೇಪು ನಿಮ್ಮ ಸಲುವಾಗಿ. ನನಗ ಬ್ಯಾಡ" ಎಂದರು. ಹಾಸ್ಟೆಲಿನಲ್ಲಿ ಇನ್ನೂರು ಹುಡುಗಿಯರು ಊರಿಂದ ಚಟ್ನಿ, ಉಂಡಿ ಅಂತ ತರುತ್ತಿದ್ದ ಇನ್ನೂರು ಡಬ್ಬಿಗಳನ್ನು ಅವರು ತಮ್ಮ ಕೋಣೆಯ ಕಪಾಟಿನಲ್ಲಿ ಇಟ್ಟು, ಸಂಜೆ ಒಂದೊಂದಾಗಿ ಕೊಡುತ್ತಿದ್ದರಂತೆ. ನೆಗ್ಗು ನೋಡಿ ಡಬ್ಬಿ ಗುರುತಿಸುತ್ತಿದ್ದರು, ಡಬ್ಬಿ ನೋಡಿ ಹುಡುಗಿಯ ಮನೆಯ ಸ್ಥಿತಿ ಅರಿಯುತ್ತಿದ್ದರು. "ಮೂವತ್ತು ವರ್ಷದಾಗ ಒಂದ್ ಡಬ್ಬಿ ಅದಲ ಬದಲ ಆಗಿಲ್ಲ ನನ್ನ ಕೈಯಾಗ" ಎಂದು ಹೇಳುವಾಗ ಅವರ ಮುಖದಲ್ಲಿ ಒಂದಿಷ್ಟು ಜಂಬವೂ ಇತ್ತು. ನಾನು ಅವರಲ್ಲಿ ಕಂಡ ಒಂದೇ ಜಂಬ ಅದು.

ಕೊನೆಯ ಬೇಸಿಗೆಯಲ್ಲಿ ಅಯ್ಯನವರಿಗೆ ಕೆಮ್ಮು ಹಿಡಿದಾಗ ನಾನು ಮೆಣಸಿನ ಸಾರು ಕಳಿಸಿದೆ. ಕೈಗೆ ಬೇರೇನೂ ಸಿಗದೆ ನನ್ನ ಅಮ್ಮನ ಸ್ಟೀಲು ಡಬ್ಬಿಯಲ್ಲಿ ಹಾಕಿ ಕೊಟ್ಟುಬಿಟ್ಟೆ. ಅದರ ಹೊಟ್ಟೆಯ ಮೇಲೆ ಪಾತ್ರೆ ಅಂಗಡಿಯವನು ಚುಕ್ಕಿ ಚುಕ್ಕಿಯಾಗಿ ಕೊರೆದ ಅಮ್ಮನ ಹೆಸರಿದೆ: ಸುಗುಣ. ಅಮ್ಮ ಹೋದ ಮೇಲೆ ಮೈಸೂರಿನಿಂದ ನಾನು ತಂದುಕೊಂಡ ಒಂದೇ ವಸ್ತು. ಕೊಟ್ಟ ಮೇಲೆ ಸಂಕಟವಾಗಿ, "ಅದು ನಮ್ಮಮ್ಮಂದು, ಸ್ವಲ್ಪ ಜೋಪಾನ" ಎಂದು ಎರಡು ಸಲ ಹೇಳಿದ್ದೆ. "ಗೊತ್ತಾತವಾ" ಎಂದಿದ್ದರು.

ನವೆಂಬರಿನಲ್ಲಿ ಅವರು ಹೊರಡುವ ದಿನ ಬಂತು. ಕೊನೆಯ ಎರಡು ವಾರ ಗಂಡ ಹೆಂಡತಿ ಮನೆಮನೆಗೆ ಹೋಗಿ ಡಬ್ಬಿ ಹಿಂತಿರುಗಿಸಿದರು. ವಿದಾಯದ ಮಾತೆಲ್ಲ ಅಯ್ಯನವರದು, ಡಬ್ಬಿ ಅಮ್ಮನವರದು. ಒಂದು ಗುರುವಾರ ನಮ್ಮ ಮನೆಗೆ ಬಂದರು. ಬಿಳಿ ಬಟ್ಟೆಯ ಚೀಲ, ಬಾಯಿ ದಾರದಿಂದ ಕಟ್ಟಿದೆ. ಕೌಂಟರಿನ ಮೇಲಿಟ್ಟು, "ಶೇಂಗಾ ಚಟ್ನಿಪುಡಿ ಹಾಕೇನಿ. ಅವಸರ ಇಲ್ಲ, ನಾವು ಹೋದ ಮ್ಯಾಲೆ ಬಿಚ್ಚು" ಎಂದರು. ನನ್ನ ಮಗಳು ಅಂದು ಕಾಲೇಜಿನಿಂದ ಬಂದಿದ್ದಳು. "ಅಜ್ಜಿ, ವಿಲ್ ಯು ಕಮ್ ಬ್ಯಾಕ್?" ಎಂದು ಕೇಳಿದಳು. ಅಮ್ಮನವರು ಅವಳ ಕೈ ಹಿಡಿದುಕೊಂಡು, "ಇಲ್ಲ ಮಗಳ. ವಯಸ್ಸಾತಲ್ಲ" ಎಂದು ನೇರವಾಗಿಯೇ ಹೇಳಿದರು. ಮಗಳಿಗೆ ಅರ್ಥವಾಯಿತು. ನಾನು ಚೀಲವನ್ನು ಪ್ಯಾಂಟ್ರಿಯಲ್ಲಿಟ್ಟೆ. ಭಾನುವಾರದ ಬೀಳ್ಕೊಡುಗೆಯ ಊಟ ನನ್ನ ಜವಾಬ್ದಾರಿ, ಬಿಚ್ಚಿ ನೋಡಲು ಪುರಸೊತ್ತೂ ಇರಲಿಲ್ಲ.

ಬೀಳ್ಕೊಡುಗೆಯಲ್ಲಿ ಶಾಲು ಹೊದಿಸಿದೆವು, ಮಕ್ಕಳು ಹಾಡಿದರು, ಅಯ್ಯನವರು ಅತ್ತರು. ಅಮ್ಮನವರು ಎರಡು ಮಾತಾಡಲೇಬೇಕೆಂದು ಎಲ್ಲರೂ ಹಿಡಿದುಕೊಂಡರು. ಎದ್ದುನಿಂತು, ಮೈಕು ಬೇಡವೆಂದು ಸರಿಸಿ, ಸ್ವೆಟರಿನ ಜೇಬಿನಲ್ಲಿ ಕೈಯಿಟ್ಟುಕೊಂಡು ಹೇಳಿದರು:

"ಎಲ್ಲಾರ ಡಬ್ಬೀನೂ ಮುಟ್ಟಿಸೇನಿ. ಯಾರದರ ನನ್ನ ಕಡೆ ಉಳದಿದ್ರ ಈಗ ಹೇಳ್ರಿ. ಆಮ್ಯಾಲೆ ವರ್ಷ ತನಕ ನೀವು ಕೇಳಾಕ ಬರೂದಿಲ್ಲ, ನಾ ಹೇಳಾಕ ಬರೂದಿಲ್ಲ."

ಕೂತುಬಿಟ್ಟರು. ಅಷ್ಟೇ ಭಾಷಣ. ಸಭೆಯೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು.

ಸೋಮವಾರ ಅವರ ವಿಮಾನ ಹೊರಟಿತು. ಮಂಗಳವಾರ ಬೆಳಿಗ್ಗೆ ದೋಸೆಗೆ ಚಟ್ನಿಪುಡಿ ಬೇಕೆನಿಸಿ ಚೀಲ ಬಿಚ್ಚಿದೆ. ಒಳಗೆ ಅಮ್ಮನ ಡಬ್ಬಿ ಇರಲಿಲ್ಲ. ಹಳದಿ ಎನಾಮೆಲ್ಲಿನ, ಎರಡು ಕಿವಿಯ ಒಂದು ಡಬ್ಬಿ ಇತ್ತು. ಒಂದು ಕಿವಿ ಮುರಿದಿತ್ತು. ಆ ಕಿವಿ ಹೇಗೆ ಮುರಿಯಿತೆಂದು ನನಗೆ ಗೊತ್ತು. ಹದಿನೈದು ವರ್ಷದ ಹಿಂದೆ ಒಂದು ಪಿಕ್‌ನಿಕ್ಕಿನಲ್ಲಿ ನನ್ನ ಮಗಳೂ ವಿಮಲಾ ಮಗಳೂ ಅದನ್ನು ಟೋಪಿಯ ಹಾಗೆ ತಲೆಗೆ ಹಾಕಿಕೊಂಡು ಕುಣಿದು ಬೀಳಿಸಿದ್ದರು. ಸಭೆಯ ಪ್ರತಿಯೊಂದು ಊಟಕ್ಕೂ ವಿಮಲಾ ಚಿತ್ರಾನ್ನ ಬರುತ್ತಿದ್ದದ್ದು ಆ ಡಬ್ಬಿಯಲ್ಲಿ. ತಳ ತಿರುಗಿಸಿದೆ. ಬಿಳಿ ಟೇಪಿನ ಮೇಲೆ ಅಮ್ಮನವರ ಗುಂಡು ಅಕ್ಷರದಲ್ಲಿ 'ವಿಮಲಾ, ಪ್ಲೆಸೆಂಟನ್' ಎಂದಿತ್ತು.

ನಾನು ಅಲ್ಲೇ ಸ್ಟೂಲಿನ ಮೇಲೆ ಕೂತೆ. ಅಂದರೆ ಅವರು ವಿಮಲಾ ಮನೆಗೆ ಹೋಗುತ್ತಿದ್ದರು, ನನಗೆ ಒಂದು ಮಾತೂ ಹೇಳದೆ. ಅಂದರೆ ನನ್ನ ಅಮ್ಮನ ಡಬ್ಬಿ ಈಗ ವಿಮಲಾ ಮನೆಯಲ್ಲಿದೆ. ಮುದುಕಿಗೆ ಗಡಿಬಿಡಿಯಲ್ಲಿ ತಪ್ಪಿತೋ, ಬೇಕೆಂದೇ ಮಾಡಿದರೋ? ಫೋನು ಮಾಡಿ ಕೇಳೋಣವೆಂದರೆ ಕಟ್ಟಳೆ. ಕೈಗೆ ಫೋನು ತಗೊಂಡು ಇಟ್ಟೆ, ಮತ್ತೆ ತಗೊಂಡೆ, ಮತ್ತೆ ಇಟ್ಟೆ. ಅವರ ಮಾತು ಮೀರಲು ನನಗೆ ಧೈರ್ಯವಾಗಲಿಲ್ಲ.

ಮೂರು ವಾರ ಆ ಹಳದಿ ಡಬ್ಬಿ ನನ್ನ ಕೌಂಟರಿನ ಮೇಲೆ ಕೂತಿತ್ತು. ಕೊರಿಯರಿನಲ್ಲಿ ಕಳಿಸಬಹುದಿತ್ತು. ನನ್ನ ಗಂಡ ಪ್ಲೆಸೆಂಟನ್ನಿಗೆ ಆಫೀಸಿಗೆ ಹೋಗುವವರೇ, ಅವರ ಕೈಯಲ್ಲಿ ಕೊಡಬಹುದಿತ್ತು. "ಕೊಡ್ಲಾ ನಾನು?" ಎಂದು ಅವರು ಕೇಳಿದಾಗ "ಬೇಡ" ಎಂದು ಗದರಿದೆ. ಚಟ್ನಿಪುಡಿ ಖಾಲಿಯಾಗುತ್ತಾ ಬಂತು. ಖಾಲಿಯಾದ ದಿನ ತೊಳೆದು ಒರೆಸಿದ ಮೇಲೆ ಹೊಸ ಕಷ್ಟ ಶುರುವಾಯಿತು. ಡಬ್ಬಿಯನ್ನು ಖಾಲಿ ಹೇಗೆ ಕೊಡುವುದು? ಎರಡು ವರ್ಷ ಅಮ್ಮನವರ ಕೈಯಿಂದ ಡಬ್ಬಿ ತಗೊಂಡು ಅಷ್ಟನ್ನಾದರೂ ಕಲಿತಿದ್ದೆ.

ಆ ಶನಿವಾರ ಒಬ್ಬಳೇ ಕೂತು ಕಲ್‌ಕಲ್ ಮಾಡಿದೆ. ಒಬ್ಬಳೇ ಮಾಡುವ ತಿಂಡಿಯಲ್ಲ ಅದು. ಸುತ್ತುವಾಗ ಎಣ್ಣೆ ಕಾದುಹೋಯಿತು, ಕರಿಯುವಾಗ ಹಿಟ್ಟು ಒಣಗಿತು. ಅರ್ಧ ಕರಕಲಾಯಿತು. ಚೆನ್ನಾಗಿದ್ದುದನ್ನು ಆರಿಸಿ ಡಬ್ಬಿಗೆ ತುಂಬಿಸಿ ಕಾರು ಹತ್ತಿದೆ. ಫ್ರೀವೇ ಬಿಟ್ಟು ನೈಲ್ಸ್ ಕ್ಯಾನ್ಯನ್ ಹಿಡಿದೆ. ತಿರುವುಗಳಲ್ಲಿ ನಿಧಾನ ಹೋಗಬೇಕು, ತಲುಪುವುದು ತಡವಾಗಲಿ ಎಂಬುದೇ ನನ್ನ ಲೆಕ್ಕ. ಈ ದಾರಿಯಲ್ಲಿ ಅಯ್ಯನವರು ಸ್ಟಿಯರಿಂಗಿಗೆ ಮೂಗು ತಾಗಿಸಿ, ಹಿಂದೆ ಹತ್ತು ಕಾರುಗಳ ಸಾಲು ಕಟ್ಟಿಕೊಂಡು, ಎಷ್ಟು ಸಲ ಹೋಗಿರಬಹುದೆಂದು ಯೋಚಿಸಿದೆ.

ಬಾಗಿಲು ತೆಗೆದವಳು ವಿಮಲಾ. ಕೂದಲು ಬೆಳ್ಳಗಾಗಿತ್ತು. ನನ್ನ ಕೈಲಿದ್ದ ಡಬ್ಬಿ ನೋಡಿದಳು.

"ಮೂರು ವಾರ ತಗೊಂಡೆ" ಎಂದಳು.

ನಾನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತುಗಳೆಲ್ಲ ಹೋದವು. "ನೀನು ನನಗೆ ಹೇಳಿದ್ದನ್ನ ನಾನು ಎಲ್ಲರ ಮುಂದೆ ಹೇಳ್ಬಿಟ್ಟೆ. ತಪ್ಪು ಮಾಡ್ದೆ ವಿಮಲಾ. ಮರುದಿನಾನೇ ಬರ್ಬೇಕಾಗಿತ್ತು, ಬರ್ಲಿಲ್ಲ. ಅದೂ ತಪ್ಪು."

ಅವಳು ಡಬ್ಬಿ ಕೈಗೆ ತಗೊಂಡಳು. ಆಮೇಲೆ, "ಆ ಮಾತು ನಾನು ಮರೆಯಲ್ಲ ಕಣೆ. ಸುಳ್ಳು ಹೇಳಲ್ಲ. ಆದ್ರೆ ಚಳಿ ಇದೆ, ಒಳಗ್ ಬಾ" ಎಂದಳು.

ಅವಳ ಅಡಿಗೆಮನೆಯ ಕಿಟಕಿಯಲ್ಲಿ ನನ್ನ ಅಮ್ಮನ ಡಬ್ಬಿ ಇತ್ತು. ಅಮ್ಮನವರು ತಿಂಗಳಿಗೊಮ್ಮೆ ಬರುತ್ತಿದ್ದರಂತೆ. "ಅಯ್ಯನೋರು ಸೋಫಾ ಮೇಲೆ ತೂಕಡಿಸೋರು, ಅಮ್ಮನೋರು ಸಿಂಕಲ್ಲಿ."

"ನನ್ನ ವಿಷಯ ಏನಾದ್ರೂ ಹೇಳ್ತಿದ್ರಾ?"

"ಒಂದು ಮಾತೂ ಇಲ್ಲ. ನಾನು ನಿನ್ನ ಬೈತಿದ್ದೆ, ಅವರು ಪಾತ್ರೆ ತೊಳೀತಿದ್ರು."

ನಾನು ಡಬ್ಬಿಗೆ ಕೈ ಚಾಚಿದೆ. ಅವಳು ತಡೆದಳು. "ಈಗ ಕೊಡಲ್ಲ. ಖಾಲಿ ಇದೆ ಅದು. ಇನ್ನೊಂದ್ಸಲ ಬಾ." ಕಲ್‌ಕಲ್ ಒಂದು ಬಾಯಿಗೆ ಹಾಕಿಕೊಂಡು, "ಒಬ್ಳೇ ಮಾಡಿದೀಯ, ಗೊತ್ತಾಗತ್ತೆ" ಎಂದು ಮುಖ ಕಿವುಚಿದಳು.

ಹೀಗೆ ನಾನು ಇನ್ನೊಂದು ಸಲ ಹೋದೆ, ಮತ್ತೊಂದು ಸಲ ಹೋದೆ. ಅವಳೂ ಬಂದಳು. ಮೊದಮೊದಲು ಹವಾಮಾನದ ಬಗ್ಗೆ ಮಾತಾಡಿದೆವು, ನಡುವೆ ಒಂದು ಸಲ ಜೋರಾಗಿ ಜಗಳವೂ ಆಯಿತು. ಏಪ್ರಿಲಿನಲ್ಲಿ ಒಂದು ದಿನ ತನ್ನ ಮಗಳು ಫೋನು ಮಾಡಿದ್ದನ್ನು ಅವಳಾಗಿಯೇ ಹೇಳಿದಳು. ಹೇಳಿ, ನನ್ನ ಮುಖ ನೋಡಿದಳು. ಅದನ್ನು ನಾನು ನನ್ನ ಗಂಡನಿಗೂ ಹೇಳಲಿಲ್ಲ. ಏನು ಹೇಳಿದಳೆಂದು ಇಲ್ಲಿಯೂ ಬರೆಯುವುದಿಲ್ಲ. ಆದರೆ ಅಮ್ಮನ ಡಬ್ಬಿಯನ್ನು ಮಾತ್ರ ಅವಳು ಕೊಡಲಿಲ್ಲ. ಕೇಳಿದಾಗಲೆಲ್ಲ "ಖಾಲಿ ಇದೆ" ಎನ್ನುತ್ತಿದ್ದಳು.

ಸಭೆಗೆ ಹೊಸ ಜೋಡಿ ಬಂದಿತ್ತು. ಎಳೆಯರು, ಮೊದಲನೇ ದಿನವೇ ಫ್ರೀವೇ ಹತ್ತಿದರು. ಒಳ್ಳೆಯವರು. ಆರಾಧನೆಯಲ್ಲಿ ಬೈಬಲಿನ ಒಂದು ಪಾಠ ಇಂಗ್ಲಿಷಿನಲ್ಲಿ ಓದೋಣವೇ ಎಂದು ಅವರು ಕೇಳಿದಾಗ ನಾನು ಕೈ ಎತ್ತಿದೆ, ಓದೋಣ ಎಂದು.

ಮೊನ್ನೆ ನವೆಂಬರಿಗೆ ವರ್ಷ ತುಂಬಿತು. ಫೋನು ಮಾಡುವುದಾದರೆ ಇಬ್ಬರೂ ಸೇರಿಯೇ ಮಾಡಬೇಕೆಂದು ಮೊದಲೇ ಮಾತಾಗಿತ್ತು. ಪ್ಲೆಸೆಂಟನ್ನಿನಲ್ಲಿ, ವಿಮಲಾ ಅಡಿಗೆಮನೆಯಲ್ಲಿ, ಫೋನನ್ನು ಸ್ಪೀಕರಿಗೆ ಹಾಕಿ ಕೌಂಟರಿನ ಮೇಲಿಟ್ಟೆವು. ಏನು ಕೇಳಬೇಕೆಂದು ನಾನು ವರ್ಷವಿಡೀ ಲೆಕ್ಕ ಹಾಕಿದ್ದೆ: ಡಬ್ಬಿ ತಪ್ಪಿದ್ದೋ, ತಪ್ಪಿಸಿದ್ದೋ? ಎತ್ತಿದವರು ಅಯ್ಯನವರು. "ಅಮ್ಮನೋರಿಗೆ ಕೊಡಿ" ಎಂದೆ. ಆಗ ಅವರು ಜುಲೈ ತಿಂಗಳ ವಿಷಯ ಹೇಳಿದರು.

ನಾನು ಸಿಟ್ಟಿನಲ್ಲಿ ಏನೇನೋ ಅಂದೆ, ಆ ಮುದುಕರ ಮೇಲೆ ಕೂಗಾಡಿದೆ ಕೂಡ. ಕೊನೆಗೆ ವಿಮಲಾ ಮೂಗೊರೆಸಿಕೊಂಡು ಕೇಳಿದಳು: "ಅಯ್ಯನೋರೆ, ಒಂದು ಕೇಳ್ತೀವಿ. ಅವತ್ತು ಡಬ್ಬಿ ಕೊಟ್ಟಾಗ ನಮ್ಮಿಬ್ಬರದ್ದು ಅದಲು ಬದಲು ಆಗಿತ್ತು. ಅಮ್ಮನೋರಿಗೆ ಗೊತ್ತಾಗದೆ ಆಯ್ತಾ?"

ಅಯ್ಯನವರು ಅಳುತ್ತಿದ್ದರೋ ನಗುತ್ತಿದ್ದರೋ ತಿಳಿಯಲಿಲ್ಲ.

"ಚೀಲ ಕಟ್ಟುವಾಗ ನಾ ಬಾಜೂಕ ಇದ್ದೆನವಾ. ನಾನಽ ಹೇಳಿದೆ, ಏ, ಹಳದೀದು ಪ್ಲೆಸೆಂಟನ್ನಿಂದು, ತಪ್ಪೇತಿ ನೋಡು ಅಂತ. ಅಕಿ ದಾರ ಹರಕೊಂತ ನನ್ನ ಮಾರಿ ನೋಡಿದ್ಲು. 'ನೀವು ಗಾಡಿ ನಡಸ್ರಿ' ಅಂದ್ಲು."

ವಿಮಲಾ ಕೌಂಟರಿನ ಮೇಲೆ ತಲೆಯಿಟ್ಟು ನಕ್ಕಳು, ಹಾಗೇ ಅತ್ತಳು. ನಾನು ಅವಳ ಬೆನ್ನಿನ ಮೇಲೆ ಕೈಯಿಟ್ಟುಕೊಂಡು ನಿಂತೆ. ಸಿಂಕಿನಲ್ಲಿ ಬೆಳಗಿನ ಪಾತ್ರೆಗಳಿದ್ದವು. ಸ್ವಲ್ಪ ಹೊತ್ತಿಗೆ ನಾನು ಹೋಗಿ ತೊಳೆಯತೊಡಗಿದೆ, ಅವಳು ಹಿಂದಿನಿಂದ ಮಾತಾಡತೊಡಗಿದಳು.

ಹೊರಡುವಾಗ ಅವಳು ಕಿಟಕಿಯಿಂದ ಅಮ್ಮನ ಡಬ್ಬಿ ತೆಗೆದು, ಒಲೆಯ ಮೇಲಿದ್ದ ಚಿತ್ರಾನ್ನವನ್ನು ಬಾಯಿಯವರೆಗೂ ಒತ್ತಿ ತುಂಬಿ, ಮುಚ್ಚಳ ಹಾಕಿ ನನ್ನ ಕೈಗೆ ಕೊಟ್ಟಳು. ಕಾರಿನಲ್ಲಿ ಪಕ್ಕದ ಸೀಟಿನ ಮೇಲಿಟ್ಟು ಬೆಲ್ಟು ಹಾಕಿದೆ. ನೈಲ್ಸ್ ಕ್ಯಾನ್ಯನ್ ದಾಟುವಾಗ ಒಂದು ಕೈ ಡಬ್ಬಿಯ ಮೇಲೇ ಇತ್ತು. ಮನೆ ಮುಟ್ಟುವ ತನಕ ಅದು ಬೆಚ್ಚಗೇ ಇತ್ತು.